ಆಶಾ ಕೊಡುವ ಓಆರ್‌ಎಸ್ ಮತ್ತು ಜಿಂಕ್: ಭೇದಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಅಳತೆ ಸರಿಯಿದ್ದರೆ

ಮಗುವಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಉಚಿತವಾಗಿ ಕೊಡುವ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆಗಳನ್ನು ಬಿಟ್ಟಿ ಸಿಕ್ಕಿದ್ದೆಂದು ಮೂಲೆಗಿಡಬೇಡಿ. ಅಂಗಡಿಯಲ್ಲಿ ಕೇಳಿ ತರುವ ‘ಭೇದಿ ನಿಲ್ಲಿಸುವ’ ಔಷಧಿಗಿಂತ ಈ ಜೋಡಿಯೇ ಮೇಲು.

ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿಯಿರುತ್ತದೆ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಈ ಲೆಕ್ಕ ಕೂಡುವುದು ಪೂರ್ತಿ ಪುಡಿಯನ್ನು ಒಂದೇ ಸಲ 1 ಲೀಟರ್ ನೀರಿಗೆ ಹಾಕಿದಾಗ ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ. ಲೋಟಕ್ಕೆ ಚೂರು ಪುಡಿ ಉದುರಿಸಿ, ಉಳಿದದ್ದನ್ನು ಮಡಚಿಡುತ್ತಾರೆ. ಪುಡಿ ಜಾಸ್ತಿಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ಕಡಿಮೆಯಾದರೆ ಉಪಯೋಗವಿಲ್ಲ. ಚೊಂಬಿನ ಅಳತೆ ಮನೆಗೊಂದು, ಹಾಗಾಗಿ 1 ಲೀಟರ್‌ನ ನೀರಿನ ಬಾಟಲಿಯಲ್ಲೇ ಅಳೆಯಿರಿ. ಅಂಗಡಿಯ ಸಣ್ಣ ಪೊಟ್ಟಣ 200 ಮಿಲಿಗೆ ಇರಬಹುದು, ಹಿಂಬದಿ ನೋಡಿ. ಕುದಿಸಿ ಆರಿಸಿದ ನೀರು ಬಳಸಿ. ಕಲಸಿದ ಮೇಲೆ ಕುದಿಸಬಾರದು, ರುಚಿಗೆಂದು ಸಕ್ಕರೆ ಬೆರೆಸಬಾರದು. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. 24 ಗಂಟೆ ಕಳೆದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿ. ವಾಂತಿಯಾದರೆ ನಿಲ್ಲಿಸಿಬಿಡಬೇಡಿ, ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಇನ್ನೂ ನಿಧಾನವಾಗಿ ಕೊಡಿ. ‘ಕುಡಿಸಿದರೂ ಭೇದಿ ನಿಲ್ಲಲಿಲ್ಲ’ ಎಂಬ ದೂರು ಎಲ್ಲ ಕಡೆ ಇದೆ. ಓಆರ್‌ಎಸ್ ಇರುವುದು ಹೋದ ನೀರು, ಲವಣ ತುಂಬಲಿಕ್ಕೆ. ಇದನ್ನು ಪೊಟ್ಟಣ ಕೊಡುವಾಗಲೇ ತಾಯಿಗೆ ಹೇಳಬೇಕು.

ಭೇದಿಯ ದಿನಗಳನ್ನು ಕಡಿಮೆ ಮಾಡುವುದು ಜಿಂಕ್. 20 ಮಿಗ್ರಾಂ ಮಾತ್ರೆಯನ್ನು ಚಮಚ ನೀರಿನಲ್ಲಿ ಕರಗಿಸಿ ದಿನಕ್ಕೊಂದು. ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ, ಎದೆಹಾಲಿನಲ್ಲಿ. ಭೇದಿ ನಿಂತರೂ 14 ದಿನ ಮುಗಿಸಲೇಬೇಕು. ನಡುವೆ ಬಿಟ್ಟರೆ, ಮುಂದಿನ ಎರಡು-ಮೂರು ತಿಂಗಳು ಭೇದಿ ಮರುಕಳಿಸದಂತೆ ಸಿಗುವ ರಕ್ಷಣೆ ಕೈತಪ್ಪುತ್ತದೆ.

ಹಲ್ಲು ಬರುವಾಗ ಭೇದಿ ಸಹಜವೆಂದು ಕಾಯುವುದು, ಹೊಟ್ಟೆಗೆ ಬಿಡುವು ಕೊಡಬೇಕೆಂದು ಎದೆಹಾಲು, ಊಟ ನಿಲ್ಲಿಸುವುದು ಎರಡೂ ಅಪಾಯ. ಊಟ ಶುರುವಾದ ಮಗುವಿಗೆ ಗಂಜಿ, ಮೆತ್ತಗಿನ ಅನ್ನ-ಬೇಳೆ, ಮಜ್ಜಿಗೆ ಕೊಡುತ್ತಿರಿ. ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾಗದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಕೂಸಾದರೆ ಇದಾವುದಕ್ಕೂ ಕಾಯಬೇಡಿ. ದಾರಿಯುದ್ದಕ್ಕೂ, ನುಂಗುವಷ್ಟು ಎಚ್ಚರವಿದ್ದರೆ, ಚಮಚದಲ್ಲಿ ಕುಡಿಸುತ್ತಲೇ ಇರಿ.