ಎಳ್ಳಷ್ಟು ಚುಕ್ಕೆಗೆ ಇಡೀ ಬಾನೆಟ್ ಕೆರೆಸಬೇಡಿ

ಬೆಂಗಳೂರು–ಮಂಗಳೂರು ನಡುವೆ ವಾರವಾರವೂ ಓಡುತ್ತಿದ್ದ ನಾಲ್ಕು ವರ್ಷದ ಬೆಳ್ಳಿ ಬಣ್ಣದ ಹ್ಯಾಚ್‌ಬ್ಯಾಕ್ ಒಂದರ ಕಥೆ ಇದು. ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಕಲ್ಲು ಹೊಡೆದು ಪೇಂಟ್ ಎದ್ದ ಒಂಬತ್ತು ಚುಕ್ಕೆಗಳಿದ್ದವು. ಮುಂದಿನ ಗಾಜಿನ ಮೇಲ್ಗಡೆ, ರೂಫಿನ ಅಂಚಿನಲ್ಲಿ ಇನ್ನೆರಡು. ದೊಡ್ಡದೆಂದರೆ ಎಳ್ಳುಕಾಳಿನಷ್ಟು. ಒಂಬತ್ತರಲ್ಲಿ ಮೂರು ಮಾತ್ರ ತಗಡಿನವರೆಗೆ ಹೋಗಿದ್ದವು, ಉಳಿದ ಆರರಲ್ಲಿ ಬಣ್ಣದ ಅಡಿಯ ಪದರ, ಬೂದು ಬಣ್ಣದ ಪ್ರೈಮರ್, ಗಟ್ಟಿಯಾಗಿಯೇ ಉಳಿದಿತ್ತು. ಅರ್ಧ ದಿನದ ಕೆಲಸ, ಚುಕ್ಕೆಗಷ್ಟೇ ಹಚ್ಚುವ ಟಚಪ್ ಪೇಂಟಿನ ಒಂದು ಬಾಟಲಿಯ ಖರ್ಚು.

ಕಾರು ಹೋದ ಪೇಂಟಿಂಗ್ ಶೆಡ್ಡಿನಲ್ಲಿ ಹೇಳಿದ್ದು ಬೇರೆ. "ಟಚಪ್ ಮಾಡಿದ್ರೆ ಚುಕ್ಕೆ ಚುಕ್ಕೆಯಾಗಿ ಕಾಣತ್ತೆ ಸಾರ್, ಬಾನೆಟ್ ಫುಲ್ ಹೊಡೆದುಬಿಡೋಣ, ಹೊಸದರ ಹಾಗೆ ಆಗತ್ತೆ." ಒಪ್ಪಿಗೆ ಸಿಕ್ಕಿತು. 80ರ ಒರಟು ಮರಳುಕಾಗದದ ಡಿಸ್ಕ್ ಹಾಕಿ ಬಾನೆಟ್ಟಿನ ಮುಂಭಾಗವನ್ನೆಲ್ಲ ತಗಡು ಹೊಳೆಯುವವರೆಗೆ ಉಜ್ಜಿದರು. ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹಾಕಲಿಲ್ಲ, ನೇರವಾಗಿ ಪುಟ್ಟಿ ಎಳೆದರು. ಪುಟ್ಟಿಯನ್ನು ನೀರು ಹಾಕಿ ಉಜ್ಜಿ, ಜೂನ್ ತಿಂಗಳ ರಾತ್ರಿ ಹಾಗೇ ಬಿಟ್ಟು, ಮಾರನೆಯ ದಿನ ತೆರೆದ ಅಂಗಳದಲ್ಲೇ ಬಣ್ಣ ಮತ್ತು ಅದರ ಮೇಲೆ ತೆಳುವಾದ ಒಂದು ಕೋಟ್ ಪಾರದರ್ಶಕ ಕ್ಲಿಯರ್ ಹೊಡೆದು ಕಾರು ಕೊಟ್ಟರು. ಅಂದು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನ ಅಂಚಿನಲ್ಲಿ ಗುಳ್ಳೆ ಎದ್ದವು. ಹದಿನಾಲ್ಕನೆಯ ತಿಂಗಳಿಗೆ ಕ್ಲಿಯರ್ ಕೋಟ್ ಹಾವಿನ ಪೊರೆಯಂತೆ ಸುಲಿಯತೊಡಗಿತು. ಮಾರಲು ಹೋದಾಗ ಪೇಂಟ್ ಅಳೆಯುವ ಮೀಟರ್ ಬಾಗಿಲುಗಳ ಮೇಲೆ 105ರಿಂದ 115 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತೋರಿಸಿದರೆ ಬಾನೆಟ್ ಮೇಲೆ 340 ದಾಟಿತ್ತು. ಕೊಳ್ಳುವವರಿಗೆ ಅದರ ಅರ್ಥ ಒಂದೇ, ಮುಂದೆ ಗುದ್ದಿಸಿಕೊಂಡ ಗಾಡಿ.

ನಿಜವಾದ ನಷ್ಟ ಇದಕ್ಕಿಂತ ಮೇಲೆ, ರೂಫಿನಲ್ಲಿತ್ತು. ಅಲ್ಲಿದ್ದ ಎರಡು ಚುಕ್ಕೆಗಳನ್ನು ಯಾರೂ ಮುಟ್ಟಿರಲಿಲ್ಲ. ಎರಡೂ ತಗಡಿನವರೆಗೆ ಹೋಗಿದ್ದವು. ಕರಾವಳಿಯ ಉಪ್ಪುಗಾಳಿ, ಎರಡು ಮಳೆಗಾಲ. ತುಕ್ಕು ಪೇಂಟಿನ ಅಡಿಯಲ್ಲೇ ಹರಿದು ಗಾಜು ಅಂಟಿಸಿದ ಗಮ್ಮಿನ ಕೆಳಗೆ ಸೇರಿತ್ತು. ಗಾಜು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಅಂಟಿಸಬೇಕಾಯಿತು. ಮೊದಲು ನೋಡಬೇಕಾಗಿದ್ದ ಜಾಗವೇ ಅದು.

ಕಂಪನಿ ಪೇಂಟನ್ನು ಸುಮ್ಮನೆ ಕೆರೆಯಬಾರದು ಎನ್ನುವುದಕ್ಕೆ ಕಾರಣವಿದೆ. ತಗಡಿನ ಮೇಲಿನ ಮೊದಲ ಪದರ, ಸುಮಾರು 20 ಮೈಕ್ರಾನಿನ ಇ-ಕೋಟ್, ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಹಿಡಿಸಿದ್ದು. ಆಮೇಲೆ ಅದನ್ನು 160–180 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್. ಎಲ್ಲ ಸೇರಿ ಹೆಚ್ಚಿನ ಕಾರುಗಳಲ್ಲಿ 100ರಿಂದ 130 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ತುಕ್ಕು ತಡೆಯುವ ಕೆಲಸದ ಬಹುಪಾಲು ಆ ಕೆಳಗಿನ ಪದರದ್ದು. ಯಾವ ಗ್ಯಾರೇಜಿನಲ್ಲೂ ಅದನ್ನು ಮತ್ತೆ ಹಾಕಲಾಗುವುದಿಲ್ಲ. ಪೇಂಟ್ ಹೊಡೆಯುವ ಒಳ್ಳೆಯ ಮುಚ್ಚಿದ ಬೂತಿನಲ್ಲೂ ಹೊಸ ಪೇಂಟ್ ಒಣಗುವುದು 60 ಡಿಗ್ರಿಯ ಆಸುಪಾಸಿನಲ್ಲಿ. ಎಪಾಕ್ಸಿ ಪ್ರೈಮರ್ ಅದಕ್ಕೆ ಹತ್ತಿರದ ಬದಲಿ, ಆ ಬಾನೆಟ್ಟಿಗೆ ಅದೂ ಸಿಗಲಿಲ್ಲ. ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರು ಬಿಸಿಲಿಗೆ ಹಬೆಯಾಗಿ ಮೇಲೇಳಲು ನೋಡಿದಾಗ ಬರುವುದೇ ಆ ಗುಳ್ಳೆ.

ಆದ್ದರಿಂದ ನಿಮ್ಮ ಕಾರಿನಲ್ಲಿ ಪೇಂಟ್ ಎದ್ದಿದ್ದರೆ ಮೊದಲು ತೊಳೆದು ಒಣಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದು ಚುಕ್ಕೆಯನ್ನೂ ನೋಡಿ. ಒಳಗೆ ಬೂದು, ಬಿಳಿ ಅಥವಾ ಕಪ್ಪು ಮಂಕಾಗಿ ಕಂಡರೆ ಪ್ರೈಮರ್ ಉಳಿದಿದೆ, ಆತುರವಿಲ್ಲ. ಲೋಹದ ಹೊಳಪೋ ಕಂದು ಬಣ್ಣವೋ ಕಂಡರೆ ಆ ವಾರವೇ ಕೆಲಸ ಮುಗಿಸಿ, ಕರಾವಳಿಯಲ್ಲಿದ್ದರೆ ಮರುದಿನವೇ. ರೂಫಿನ ಅಂಚು, ಬಾನೆಟ್ಟಿನ ತುದಿಯ ಮಡಿಕೆ, ಚಕ್ರದ ಕಮಾನಿನ ಒಳತುದಿ, ಬಾಗಿಲ ಕೆಳಗಿನ ಪಟ್ಟಿ, ಈ ನಾಲ್ಕು ಕಡೆ ಮೊದಲು ಕಣ್ಣು ಹಾಯಿಸಿ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕಿಲ್ಲ. ಕಣ್ಣಿಗೆ ಕಿರಿಕಿರಿ ಎನಿಸದಿದ್ದರೆ ಬಿಟ್ಟುಬಿಡಿ.

ಟಚಪ್ ಪೇಂಟ್ ಕೊಳ್ಳುವಾಗ "ಸಿಲ್ವರ್ ಕೊಡಿ" ಎಂದರೆ ಸಾಲದು, ಕಲರ್ ಕೋಡ್ ಬೇಕು. ಕಾರಿಗೆ ತಕ್ಕಂತೆ ಅದು ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಎಂಜಿನ್ ಕೋಣೆಯ ಪ್ಲೇಟಿನಲ್ಲೋ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲೋ ಇರುತ್ತದೆ. ಟೊಯೋಟಾದಲ್ಲಿ 'ಸಿ/ಟಿಆರ್' (C/TR) ಎಂಬ ಸಾಲಿನಲ್ಲಿ ಮೊದಲು ಬರುವುದೇ ಬಣ್ಣದ ಕೋಡ್; 040 ಎಂದಿದ್ದರೆ ಸೂಪರ್ ವೈಟ್. ಮುತ್ತಿನ ಹೊಳಪಿನ ಬಿಳಿ ಬಣ್ಣಗಳಲ್ಲಿ ಬುಡದ ಬಣ್ಣ ಬೇರೆ, ಹೊಳಪಿನ ಪದರ ಬೇರೆ. ಅದಕ್ಕೆ ಎರಡು ಬಾಟಲಿ ಬೇಕು. ಒಂದನ್ನೇ ಹಚ್ಚಿದರೆ ಸುಣ್ಣದ ಬೊಟ್ಟಿನ ಹಾಗೆ ಕಾಣುತ್ತದೆ.

ಕೆಲಸಕ್ಕೆ ಮೋಡವಿಲ್ಲದ ದಿನದ ಬೆಳಗ್ಗೆ ಒಳ್ಳೆಯದು, ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ. ಬಿಸಿಲಿಗೆ ಕಾದ ಬಾನೆಟ್ ಮೇಲೆ ಹಚ್ಚಿದರೆ ಮೇಲ್ಪದರ ತಕ್ಷಣ ಒಣಗಿ ಒಳಗಿನ ತಿನ್ನರ್ ಹೊರಬರಲಾಗದೆ ಸೂಜಿಮೊನೆಯಂಥ ತೂತು ಬೀಳುತ್ತವೆ. ಮಳೆಯ ದಿನ ಹಚ್ಚಿದರೆ ತಿನ್ನರ್ ಆರುವಾಗ ಗಾಳಿಯ ತೇವ ಸೇರಿಕೊಂಡು ಬಿಳಿ ಮಂಜು ಕವಿಯುತ್ತದೆ.

ಅಂಚಿನಲ್ಲಿ ಸಡಿಲವಾಗಿರುವ ಪೇಂಟ್ ಸಿಪ್ಪೆಯನ್ನು ಹಲ್ಲುಕಡ್ಡಿಯಿಂದ ಮೀಟಿ ತೆಗೆಯಿರಿ. ಗಟ್ಟಿಯಾಗಿರುವುದನ್ನು ಕೀಳಬೇಡಿ. ತುಕ್ಕಿದ್ದರೆ ಗುಂಡುಸೂಜಿಯ ಮೊನೆಯಿಂದ ಆ ಗುಂಡಿಯೊಳಗೆ ಮಾತ್ರ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಈ ಹಂತದಲ್ಲೇ ಬಹಳ ಜನ ಸೋಮಾರಿತನ ಮಾಡುತ್ತಾರೆ. ತುಕ್ಕಿನ ಮೇಲೆ ಹಚ್ಚಿದ ಬಣ್ಣ ತುಕ್ಕಿಗೆ ಹೊದಿಕೆಯಾಗುತ್ತದೆಯೇ ಹೊರತು ತಡೆಯಾಗುವುದಿಲ್ಲ. ಆರು ತಿಂಗಳಲ್ಲಿ ಚುಕ್ಕೆಯ ಸುತ್ತ ಪೇಂಟ್ ಉಬ್ಬುತ್ತದೆ. ಕೆರೆದರೂ ಕಪ್ಪು ಉಳಿದರೆ, ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರನ್ನು ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಮಾತ್ರ ಇಡಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ, ಪಕ್ಕಕ್ಕೆ ಹರಿದದ್ದನ್ನು ಕೂಡಲೇ ಒರೆಸಿ. ಅದರ ಮೇಲೆ ಆಮ್ಲ ಬೆರೆತ 'ಎಚಿಂಗ್' (etch) ಪ್ರೈಮರ್ ಹಾಕಬಾರದು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಎಪಾಕ್ಸಿ ಪ್ರೈಮರ್ ಸಾಕು.

ಒರೆಸಲು ಗ್ಯಾರೇಜಿನ ತಿನ್ನರ್ ಬೇಡ. ಅದು ಕಂಪನಿ ಕ್ಲಿಯರನ್ನು ಮಂಕು ಮಾಡುತ್ತದೆ, ಹಿಂದೆ ಎಲ್ಲಾದರೂ ಅಗ್ಗದ ಪೇಂಟ್ ಹೊಡೆಸಿದ್ದರೆ ಕರಗಿಸಿಯೇ ಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ವ್ಯಾಕ್ಸ್, ಪಾಲಿಶಿನ ಜಿಡ್ಡು ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಹೊಸ ಪೇಂಟ್ ಎಣ್ಣೆಯ ಮೇಲಿನ ನೀರಿನಂತೆ ಸರಿದು ನಡುವೆ ಕಣ್ಣಿನಂಥ ತೂತು ಬಿಡುತ್ತದೆ.

ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಮೆಟಾಲಿಕ್ ಪುಡಿ ತಳದಲ್ಲಿ ಕೂತಿರುತ್ತದೆ. ಮೊದಲ ಹನಿಯನ್ನು ಬಿಳಿ ರಟ್ಟಿನ ಮೇಲೆ ಹಚ್ಚಿ, ಒಣಗಿಸಿ, ಕಾರಿನ ಪಕ್ಕ ಹಿಡಿದು ನೋಡಿ. ಮುಚ್ಚಳದಲ್ಲಿ ಬರುವ ಬ್ರಶ್ ನೈಲ್ ಪಾಲಿಶಿಗೆ ಸರಿ, ಈ ಕೆಲಸಕ್ಕೆ ತೀರ ದಪ್ಪ. ಹಲ್ಲುಕಡ್ಡಿ ಅಥವಾ ಚಿತ್ರ ಬರೆಯುವವರ 000 ನಂಬರ್ ಬ್ರಶ್ ತೆಗೆದುಕೊಳ್ಳಿ. ತಗಡು ಕಂಡ ಕಡೆ ಮೊದಲು ಪ್ರೈಮರಿನ ಒಂದು ತೆಳು ಪದರ, ಅದು ಪೂರ್ತಿ ಒಣಗಿದ ಮೇಲೆ ಬಣ್ಣ. ಗುಂಡಿಯ ನಡುವೆ ಚಿಕ್ಕ ಹನಿ ಇಟ್ಟರೆ ತಾನೇ ಅಂಚಿನವರೆಗೆ ಹರಡಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು, ಬೇಕಾದರೆ ಮೂರನೆಯದು. ಒಂದೇ ಸಲ ತುಂಬಿಸುವ ಆಸೆ ಬೇಡ. ಟಚಪ್ ಪೇಂಟಿನಲ್ಲಿ ದೊಡ್ಡ ಪಾಲು ತಿನ್ನರೇ ಇರುವುದರಿಂದ ತುಂಬಿಸಿದ್ದು ಒಣಗಿ ಕುಸಿಯುತ್ತದೆ, ದಪ್ಪ ಹನಿಯ ಒಳಗು ವಾರವಾದರೂ ಮೆತ್ತಗಿರುತ್ತದೆ. ಬಣ್ಣ ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ತಗ್ಗಿನಲ್ಲೇ ನಿಲ್ಲಬೇಕು, ಉಳಿದ ಜಾಗ ಕ್ಲಿಯರಿನದು. ಒಂದು ಗಂಟೆ ಬಿಟ್ಟು ಕ್ಲಿಯರ್ ಎರಡು ಪದರ, ಕೂದಲೆಳೆಯಷ್ಟು ಉಬ್ಬಿ ನಿಲ್ಲುವಂತೆ.

ಮೆಟಾಲಿಕ್ ಬಣ್ಣದಲ್ಲಿ ಚುಕ್ಕೆ ಒಂದಿಷ್ಟು ಗಾಢವಾಗಿಯೇ ಕಾಣುತ್ತದೆ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಪುಡಿ ಮಲಗುವ ರೀತಿಯೇ ಬೇರೆ, ಹನಿ ಇಟ್ಟಾಗ ನಿಲ್ಲುವ ರೀತಿಯೇ ಬೇರೆ. ಇದು ತಪ್ಪಲ್ಲ. ಎರಡು ಮಾರು ದೂರದಿಂದ ಕಾಣದಿದ್ದರೆ ಕೆಲಸ ಗೆದ್ದಿತು. ಬಹಳ ಕಾರುಗಳು ಹಾಳಾಗುವುದು ಇಲ್ಲಿಂದ ಮುಂದೆ, ಆ ಸಣ್ಣ ಉಬ್ಬನ್ನು ಸಮ ಮಾಡುವ ಹಟದಲ್ಲಿ. 400ರದೋ 600ರದೋ ಮರಳುಕಾಗದದಲ್ಲಿ (ನಂಬರ್ ಕಡಿಮೆಯಾದಷ್ಟೂ ಒರಟು) ಬೆರಳಿಟ್ಟು ಉಜ್ಜಿದರೆ ಸುತ್ತಲಿನ 40 ಮೈಕ್ರಾನ್ ಕ್ಲಿಯರ್ ಕ್ಷಣದಲ್ಲಿ ಹೋಗಿ, ಎಳ್ಳಿನಷ್ಟಿದ್ದ ಕಲೆ ರೂಪಾಯಿ ನಾಣ್ಯದಷ್ಟಾಗುತ್ತದೆ. ಆಮೇಲೆ ಉಳಿಯುವ ದಾರಿ ಇಡೀ ಪ್ಯಾನೆಲ್ ಪೇಂಟ್. ಸಮ ಮಾಡಲೇಬೇಕಿದ್ದರೆ ಕನಿಷ್ಠ ಒಂದು ವಾರ ಕಾಯಿರಿ. ಸುತ್ತ ಟೇಪ್ ಅಂಟಿಸಿ, 2000ದ ವಾಟರ್ ಪೇಪರಿನ ಉಗುರಗಲದ ತುಂಡನ್ನು ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಅಂಟಿಸಿ, ಸೋಪಿನ ನೀರಿನಲ್ಲಿ ಉಬ್ಬಿನ ಮೇಲಷ್ಟೇ ನಾಲ್ಕೈದು ಸಲ ಆಡಿಸಿ, ಒರೆಸಿ ನೋಡಿ. ಆಮೇಲೆ 3000, ಕೊನೆಗೆ ಕೈಯಲ್ಲೇ ಹೊಳಪು ಕೊಡುವ ಪಾಲಿಶಿಂಗ್ ಕಂಪೌಂಡ್. ಮಷಿನ್ ಬೇಡ. ವ್ಯಾಕ್ಸನ್ನು ಒಂದು ತಿಂಗಳು ಮುಂದೂಡಿ. ನಮ್ಮ ಸಲಹೆ ಕೇಳುವುದಾದರೆ ಉಬ್ಬನ್ನು ಹಾಗೇ ಬಿಡಿ.

ಟೂತ್‌ಪೇಸ್ಟ್ ಗೀರು ಮಸುಕು ಮಾಡಬಹುದು, ಎದ್ದುಹೋದ ಪೇಂಟನ್ನು ತರುವುದಿಲ್ಲ; ಅದರ ಬಿಳಿ ಪುಡಿ ಗುಂಡಿಯಲ್ಲಿ ಕೂತು ಮುಂದೆ ಬಣ್ಣ ಹಿಡಿಯದಂತೆ ಮಾಡುತ್ತದೆ. ಒಂದು ಚುಕ್ಕೆಗೆ ಸ್ಪ್ರೇ ಕ್ಯಾನ್ ತೆಗೆದರೆ ಅಂಗೈಯಗಲ ಬಣ್ಣ ಬೇರೆಯಾಗುತ್ತದೆ. ಗಟ್ಟಿಕಾರಕ ಬೆರೆಯುವ ಟು-ಕೆ ಕ್ಲಿಯರ್ ಕ್ಯಾನಿನಲ್ಲಿ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಶ್ವಾಸಕೋಶಕ್ಕೆ ಶಾಶ್ವತ ಅಸ್ತಮಾ ತರಬಲ್ಲದು. ಮನೆಯಂಗಳದಲ್ಲಿ, ಮಕ್ಕಳಿರುವಲ್ಲಿ, ದಯವಿಟ್ಟು ಬೇಡ. ದಾರಿಯಲ್ಲಿ ಕಲ್ಲು ಹೊಡೆದರೆ ಜಾಗ ಒಣಗಿಸಿ ಪಾರದರ್ಶಕ ಟೇಪಿನ ಚೂರು ಅಂಟಿಸಿ, ಎರಡು ದಿನದೊಳಗೆ ತೆಗೆಯಿರಿ. ಹೆಚ್ಚು ಬಿಟ್ಟರೆ ಬಿಸಿಲಿಗೆ ಗಮ್ಮು ಗಟ್ಟಿಯಾಗುತ್ತದೆ.

"ಇನ್ಶೂರೆನ್ಸಲ್ಲಿ ಮಾಡಿಸೋಣ, ನಿಮಗೇನೂ ಖರ್ಚಿಲ್ಲ" ಎನ್ನುವ ಮಾತಿಗೂ ಎಚ್ಚರ. ಒಂದು ಕ್ಲೇಮಿಗೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷಕ್ಕೆ 20 ಶೇಕಡ, ಐದು ವರ್ಷ ಕ್ಲೇಮಿಲ್ಲದಿದ್ದರೆ 50 ಶೇಕಡದವರೆಗೆ ಬೆಳೆದು ನಿಂತ ರಿಯಾಯಿತಿ ಅದು. ಅದನ್ನು ಉಳಿಸಿಕೊಳ್ಳುವ ಕವರ್ ಬೇರೆಯಾಗಿ ತೆಗೆದುಕೊಂಡಿರದಿದ್ದರೆ ಮತ್ತೆ ಸೊನ್ನೆಯಿಂದ ಶುರು.

ತಡೆಯುವ ಮಾತಿಗೆ ಬಂದರೆ, ಇಲ್ಲೂ ಒಂದು ದೊಡ್ಡ ಮೋಸವಿದೆ. ಪೇಂಟಿನ ಮೇಲೆ ದ್ರವವಾಗಿ ಹಚ್ಚುವ ಸೆರಾಮಿಕ್ ಕೋಟಿಂಗ್ ಕಲ್ಲೇಟು ತಡೆಯುತ್ತದೆಂದು ಹೇಳಿ ಮಾರುವವರಿದ್ದಾರೆ. ಅದರ ದಪ್ಪ ಒಂದೆರಡು ಮೈಕ್ರಾನ್. ಅದರ ಜಾಹೀರಾತಿನ '9ಎಚ್' (9H) ಎಂಬುದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಳತೆ, ಜಲ್ಲಿಕಲ್ಲಿನ ಏಟಿಗೂ ಅದಕ್ಕೂ ಸಂಬಂಧವಿಲ್ಲ. ನೀರು ಜಾರಲು, ತೊಳೆಯಲು ಸುಲಭವಾಗಲು ಮಾಡಿಸುವುದಾದರೆ ಮಾಡಿಸಿ. ಕಲ್ಲೇಟು ತಾಳುವುದು 150–200 ಮೈಕ್ರಾನ್ ದಪ್ಪದ ಪಿಪಿಎಫ್ ಎಂಬ ಪಾರದರ್ಶಕ ರಕ್ಷಣಾ ಫಿಲ್ಮ್, ಅದೂ ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್ ಜಾತಿಯದು. ಅಗ್ಗದ ಪಿವಿಸಿ ಬಿಸಿಲಿಗೆ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಇಡೀ ಕಾರಿಗೆ ಬೇಕಿಲ್ಲ. ಬಾನೆಟ್ಟಿನ ಮುಂಭಾಗ, ರೂಫಿನ ಅಂಚು, ಕನ್ನಡಿಗಳ ಬೆನ್ನು, ಹಿಂಚಕ್ರದ ಮುಂದಿನ ಭಾಗ ಸಾಕು. ಫಿಲ್ಮನ್ನು ಕಾರಿನ ಮೇಲೆಯೇ ಬ್ಲೇಡಿನಿಂದ ಕತ್ತರಿಸುವುದಾದರೆ ಬೇಡವೆನ್ನಿ, ಆ ಗೀರಿನ ಉದ್ದಕ್ಕೂ ಮುಂದೆ ತುಕ್ಕು ಏಳಬಹುದು. ಮಷಿನ್ನಿನಲ್ಲಿ ಮೊದಲೇ ಕತ್ತರಿಸಿ ತಂದದ್ದನ್ನೇ ಕೇಳಿ. ಫಿಲ್ಮಿನ ಅಡಿಯ ಚುಕ್ಕೆಗಳನ್ನು ಮೊದಲು ಸರಿಪಡಿಸಿರಬೇಕು. ಹೊಸದಾಗಿ ಪೇಂಟ್ ಆದ ಪ್ಯಾನೆಲ್ಲಿಗೆ ಕನಿಷ್ಠ ಒಂದು ತಿಂಗಳು ಅಂಟಿಸಬಾರದು.

ಖರ್ಚಿಲ್ಲದ ರಕ್ಷಣೆ ಅಂತರ. ಟಿಪ್ಪರ್, ಜಲ್ಲಿ ಲಾರಿಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಕಲ್ಲೇಟಿನ ಬಲ ವೇಗದ ವರ್ಗದಂತೆ ಏರುತ್ತದೆ: 60ರಲ್ಲಿ ಬೀಳುವ ಏಟು 90ರಲ್ಲಿ ಎರಡೂಕಾಲು ಪಟ್ಟು. ಶಿರಾಡಿಯಲ್ಲಿ ರಸ್ತೆ ಕೆಲಸ ನಡೆಯುವಲ್ಲಿ, ಹೊಸದಾಗಿ ಡಾಂಬರು ಹಾಕಿ ಸಣ್ಣ ಜಲ್ಲಿ ಉದುರಿರುವಲ್ಲಿ 40ಕ್ಕೆ ಇಳಿಸಿ. ಮಡ್‌ಫ್ಲ್ಯಾಪ್ ಇಲ್ಲದಿದ್ದರೆ ಹಾಕಿಸಿ. ಅಗಲ ಟೈರ್ ಕಮಾನಿನಿಂದ ಹೊರಗೆ ಚಾಚಿದ್ದರೆ ನಿಮ್ಮ ಬಾಗಿಲಿಗೆ ಕಲ್ಲು ಹೊಡೆಯುತ್ತಿರುವುದು ನಿಮ್ಮದೇ ಚಕ್ರ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಬಾಗಿಲಂಚು ತಾಗುತ್ತದೆಂದು ಹಾಕುವ ರಬ್ಬರ್ ಪಟ್ಟಿಯ ಒಳಗೆ ಕಬ್ಬಿಣದ ಕ್ಲಿಪ್ ಇದ್ದರೆ ಅದು ನೀರು ಹಿಡಿದಿಟ್ಟು ಅಂಚನ್ನೇ ತಿನ್ನುತ್ತದೆ. ಪಾರದರ್ಶಕ ಫಿಲ್ಮಿನ ಪಟ್ಟಿ ಲೇಸು. ವಾಟರ್ ವಾಶಿನಲ್ಲಿ ಪ್ರೆಶರ್ ಗನ್ನನ್ನು ಎದ್ದ ಪೇಂಟಿನ ಹತ್ತಿರ ಹಿಡಿಯಲು ಬಿಡಬೇಡಿ, ಒಂದಡಿಯಾದರೂ ದೂರ ಇರಲಿ. ನೀರು ಅಂಚಿಗೆ ನುಗ್ಗಿದರೆ ಸಿಪ್ಪೆ ಸಿಪ್ಪೆಯಾಗಿ ಹಾರುತ್ತದೆ.

ಶೆಡ್ಡಿಗೇ ಕೊಡಬೇಕಾಗಿ ಬಂದರೆ, ಪೇಂಟ್ ನಿಜವಾಗಿಯೂ ಬಹಳ ಹೋಗಿದ್ದರೆ, ಬಾಯಿಮಾತಿಗೆ ಬಿಡದೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ: ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್, ಏಟಿನ ತಗ್ಗಿಲ್ಲದ ಕಡೆ ಪುಟ್ಟಿ ಬೇಡ, ಟು-ಕೆ ಕ್ಲಿಯರ್ ಎರಡು ಕೋಟ್, ಮುಚ್ಚಿದ ಬೂತಿನಲ್ಲಿ ಕೆಲಸ. ಕೆರೆದ ಮೇಲೆ, ಪ್ರೈಮರ್ ಆದ ಮೇಲೆ ಒಂದೊಂದು ಫೋಟೊ ಕೇಳಿ. ತಗಡು ತೆರೆದುಕೊಂಡ ದಿನವೇ ಪ್ರೈಮರ್ ಬೀಳಬೇಕು, ರಾತ್ರಿ ಕಳೆಯಬಾರದು.