ಟೇಬಲ್ ವ್ಯೂನಲ್ಲಿ ಸಾಲು ಡಿಲೀಟ್: ಮೂರೂ ನೋಡಿ ಆಯ್ತು, ನಂಗೆ ಡಿಫಬಲ್ಲೇ ಆಗ್ಬೇಕು

ಪೆರ್ಲದ ಮಾವನಿಗೆ ಅಡಿಕೆ ಲೆಕ್ಕ ಬರೆಯುವ ಒಂದು ಐಫೋನ್ ಆಪ್ ಮಾಡಿ ಕೊಟ್ಟಿದ್ದೆ, ಅದ್ರ ಟೇಬಲ್ ವ್ಯೂನಲ್ಲಿ (ಸಾಲು ಸಾಲಾಗಿ ಪಟ್ಟಿ ತೋರಿಸುವ ಜಾಗ) ಸಾಲು ಅಳಿಸ್ಲಿಕ್ಕೆ ಮೂರು ದಾರಿಯನ್ನೂ, ಅಂದ್ರೆ ರೀಲೋಡ್‌ಡೇಟಾ, ಡಿಲೀಟ್‌ರೋಸ್, ಡಿಫಬಲ್ ಡೇಟಾ ಸೋರ್ಸ್, ಬಳಸಿ ನೋಡಿದೆ. ಇನ್ನು ಡಿಫಬಲ್ ಡೇಟಾ ಸೋರ್ಸ್ ಬಿಟ್ಟು ಬೇರೆ ಕಡೆ ಹೋಗುದಿಲ್ಲ.

ರೀಲೋಡ್‌ಡೇಟಾ (ಇಡೀ ಪಟ್ಟಿಯನ್ನು ಮತ್ತೆ ತುಂಬಿಸುದು) ತಪ್ಪುದಿಲ್ಲ, ಆದ್ರೆ ಆನಿಮೇಶನ್ ಇಲ್ಲ, ಯಾವ ಸಾಲು ಹೋಯ್ತು ಅಂತ ಮಾವನಿಗೆ ಗೊತ್ತೇ ಆಗ್ತಿರ್ಲಿಲ್ಲ.

ಡಿಲೀಟ್‌ರೋಸ್ (ಆ ಸಾಲನ್ನು ಮಾತ್ರ ತೆಗೆಯುದು) ನೋಡ್ಲಿಕ್ಕೆ ಚಂದ. ಮೊದಲು ಅರೇಯಿಂದ (ಕೋಡಲ್ಲಿ ಲೆಕ್ಕ ಇಟ್ಟ ಪಟ್ಟಿ) ತೆಗೀಬೇಕು, ಮತ್ತೆ ಟೇಬಲ್‌ಗೆ ಹೇಳ್ಬೇಕು. ಅರೇ ಮುಟ್ಟದೆ ಹೇಳಿದ್ರೆ ಮೊದಲೂ 5, ಒಂದು ತೆಗೆದ ಮೇಲೂ 5, ಲೆಕ್ಕ ತಾಳೆ ಆಗುದಿಲ್ಲ, 'ಇನ್‌ವ್ಯಾಲಿಡ್ ಅಪ್‌ಡೇಟ್' ಅಂತ ಆಪ್ ಕ್ರ್ಯಾಶ್. ಕ್ರ್ಯಾಶ್ ಆದ್ರೆ ಗೊತ್ತಾದ್ರೂ ಆಗ್ತದೆ, ಸರಿ ಮಾಡ್ಬಹುದು.

ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಪ್ರತಿ ಸಾಲಲ್ಲಿ ಅಳಿಸುವ ಬಟನ್ ಇಟ್ಟು ಅದರ ಟ್ಯಾಗ್‌ಗೆ ಸಾಲಿನ ನಂಬರ್ ಹಾಕಿದ್ದೆ. 0 ಹೊಸ ಅಡಿಕೆ, 1 ಹಳೆ ಅಡಿಕೆ, 2 ಪಟೋರ, 3 ಕರಿಗೋಟು, ಎಲ್ಲ ಅಡಿಕೆಯ ತರಗಳು. ಮಾವ ಹಳೆ ಅಡಿಕೆ ಅಳಿಸಿದ್ರು, ಪಟೋರ ಮೇಲೆ ಬಂದು 1 ಆಯ್ತು, ಆದ್ರೆ ಡಿಲೀಟ್‌ರೋಸ್ ಉಳಿದ ಸೆಲ್‌ಗಳನ್ನು (ತೆರೆಯಲ್ಲಿ ಕಾಣುವ ಸಾಲುಗಳನ್ನು) ಹೊಸದಾಗಿ ಕಟ್ಟುದಿಲ್ಲ, ಪಟೋರದ ಬಟನ್ನಲ್ಲಿ ಟ್ಯಾಗ್ ಇನ್ನೂ 2, ಅರೇಯ 2ರಲ್ಲಿ ಈಗ ಇರುದು ಕರಿಗೋಟು. "ಎಂತ ಮಾರಾಯ ಇದು, ಒತ್ತಿದ್ದು ಪಟೋರ, ಹೋದದ್ದು ಕರಿಗೋಟು!" ಅಂತ ರಾತ್ರಿ ಫೋನು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, 38 ಕೆಜಿ ಲೆಕ್ಕ ಹೋಯ್ತು, ಅಂಗಡಿಯ ಚೀಟಿ ಹುಡುಕಿ ವಾಪಸ್ ಬರೆದದ್ದು. ಒತ್ತುವ ಹೊತ್ತಿಗೇ ಈ ಸೆಲ್ ಎಷ್ಟನೇ ಸಾಲಲ್ಲಿ ಉಂಟು ಅಂತ ಟೇಬಲ್‌ನ ಹತ್ರ ಇಂಡೆಕ್ಸ್‌ಪಾತ್ (ಸಾಲಿನ ಜಾಗ) ಕೇಳಿದ್ರೆ ಇದು ಸರಿಯಾಗ್ತದೆ, ನಾನೂ ಹಾಗೇ ಮಾಡಿದೆ. ಮತ್ತೆ ನಾಲ್ಕೈದು ಒಟ್ಟಿಗೆ ಅಳಿಸುದಾದ್ರೆ ಅರೇಯಲ್ಲಿ ಕೆಳಗಿಂದ ಮೇಲೆ ತೆಗೀಬೇಕು, ತಿಂಗಳಿಗೊಂದು ಸೆಕ್ಷನ್ ಇದ್ದು ಅದ್ರ ಕೊನೆ ಸಾಲು ಹೋದ್ರೆ ಸೆಕ್ಷನ್ನೇ ಡಿಲೀಟ್ ಮಾಡ್ಬೇಕು, ಇಷ್ಟೆಲ್ಲ ನೆನಪಿಡುದು ಯಾರು?

ಡಿಫಬಲ್ (2019ರಲ್ಲಿ ಐಓಎಸ್ 13ರ ಜೊತೆ ಬಂದದ್ದು) ಸಾಲಿನ ನಂಬರ್ ಕೇಳುದೇ ಇಲ್ಲ. ಸ್ನ್ಯಾಪ್‌ಶಾಟ್‌ನಿಂದ (ಪಟ್ಟಿ ಈಗ ಹೇಗುಂಟು ಅಂತ ಇಟ್ಟ ಪ್ರತಿ) ಅಳಿಸುವ ಎಂಟ್ರಿಯ ಐಡಿ ತೆಗೆದು ಅಪ್ಲೈ ಮಾಡಿದ್ರೆ ಎಲ್ಲಿಂದ ಏನು ಹೋಗ್ಬೇಕು ಅಂತ ಅದೇ ನೋಡಿಕೊಳ್ತದೆ, ಆನಿಮೇಶನ್ ಸಮೇತ. ದಿನ, ತೂಕವನ್ನೇ ಐಡಿ ಮಾಡಿದ್ರೆ, ಒಂದೇ ದಿನ ಒಂದೇ ತೂಕದ ಎರಡು ಎಂಟ್ರಿ ಬಂದಾಗ ಒಂದೇ ಅಂತ ತಿಳಿದು ಕ್ರ್ಯಾಶ್ ಆಗ್ತದೆ, ಹಾಗಾಗಿ ಪ್ರತಿ ಎಂಟ್ರಿಗೂ ಯುಯುಐಡಿ (ಬೇರೆ ಯಾವುದಕ್ಕೂ ಇಲ್ಲದ ಐಡಿ) ಕೊಡಿ. ಸ್ವೈಪ್ ಡಿಲೀಟ್ ಬೇಕಿದ್ರೆ ಡೇಟಾ ಸೋರ್ಸನ್ನು ಸಬ್‌ಕ್ಲಾಸ್ ಮಾಡಿ 'ಕ್ಯಾನ್‌ಎಡಿಟ್‌ರೋ'ಗೆ ಟ್ರೂ ಕೊಡ್ಬೇಕು, ಅಳಿಸುವ ಕೆಲಸವನ್ನು 'ಕಮಿಟ್' ಮೆಥಡ್‌ನಲ್ಲಿ ಬರೀಬೇಕು, ಅಷ್ಟೇ.

ನಾನು ಕೋಡ್ ಬರೆಯುದು ರಾತ್ರಿ ಊಟ ಆದ ಮೇಲೆ, ಟೆಸ್ಟ್ ಮಾಡ್ಲಿಕ್ಕೆ ಬೇರೆ ಜನ ಇಲ್ಲ, ಇಂಥವನಿಗೆ ಇದೇ ಸರಿ. ನನ್ನ ಐಫೋನ್ 6 ಮಾತ್ರ ಐಓಎಸ್ 12ಕ್ಕೇ ನಿಂತದ್ದು, ಹೊಸದಕ್ಕೆ ಸದ್ಯ ದುಡ್ಡಿಲ್ಲ, ಕಂಪ್ಯೂಟರ್‌ನ ಸಿಮ್ಯುಲೇಟರ್‌ನಲ್ಲಿ ನೋಡಿ ಮತ್ತೆ ಭಾನುವಾರ ಪೆರ್ಲಕ್ಕೆ ಹೋಗಿ ಮಾವನ ಫೋನಲ್ಲೇ ಹಾಕುದು.