ತುಂಗಾ ದಂಡೆಯ ವಾಕಿಂಗ್ ದಾರಿ: ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬೇಡ

ಮೊದಲೇ ಹೇಳಿಬಿಡುತ್ತೇನೆ, ಇದು ಟ್ರೆಕ್ಕಿಂಗ್ ಅಲ್ಲ. ಕವಲೇದುರ್ಗ, ಕುಂದಾದ್ರಿ ಹತ್ತಿದ ಕಾಲಿಗೆ ಹೊಳೆ ದಂಡೆಯ ಈ ದಾರಿ ಏನೇನೂ ಸಾಲುವುದಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಹೊರಡುವ ಮುಂಚೆ, ಕವಲೇದುರ್ಗಕ್ಕೆ ಯಾರು ಹೋಗಿಬರುತ್ತಾರೆ ಹೇಳಿ? ಊರೊಳಗೇ, ಚಪ್ಪಲಿ ಮೆಟ್ಟಿಕೊಂಡು ಸುಮ್ನೆ ಹೊರಟರೆ ಸಿಗುವ ಇಂಥದ್ದೊಂದು ಜಾಗ ಶಿವಮೊಗ್ಗಕ್ಕೆ ಬೇಕಿತ್ತು.

ಗೊತ್ತಿಲ್ಲದವರಿಗೆ: 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಆದ ಕೆಲಸಗಳಲ್ಲಿ ಇದೂ ಒಂದು. ಬೆಕ್ಕಿನ ಕಲ್ಮಠದ ಕಡೆಯಿಂದ ಬೈಪಾಸ್ ಸೇತುವೆ ಕಡೆಗೆ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ. ನಡೆಯುವುದಕ್ಕೆ ದಾರಿ, ಸೈಕಲ್ಲಿಗೆ ಬೇರೆ ದಾರಿ. ಬೇರೆ ಅಂತ ಹೇಳುವುದಷ್ಟೇ, ಸೈಕಲ್ ದಾರಿಯಲ್ಲಿ ನಾಲ್ಕು ಜನ ಅಂಕಲ್‌ಗಳು ಸಾಲಾಗಿ ಕೈಬೀಸಿಕೊಂಡು ರಾಜಕೀಯ ಮಾತಾಡುತ್ತಾ ಬರುತ್ತಾರೆ, ಹಿಂದಿನಿಂದ ಹುಡುಗರು ಬೆಲ್ ಹೊಡೆದೂ ಹೊಡೆದೂ ಸುಸ್ತಾಗಿ ಕೊನೆಗೆ ನಡೆಯುವ ದಾರಿಗೇ ಸೈಕಲ್ ಇಳಿಸುತ್ತಾರೆ. ಇದಕ್ಕೆ ಯಾರನ್ನ ಬೈಯುವುದು!

ನೆಲ ಸಮತಟ್ಟಾಗಿದೆ. ಮಂಡಿನೋವಿನವರಿಗೆ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಆರಾಮ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಹೋದರೆ ನಿಜವಾಗಿಯೂ ಖುಷಿ ಕೊಡುತ್ತದೆ. ಡಿಸೆಂಬರಿನಲ್ಲಿ ನೀರಿನ ಮೇಲೆ ಮಂಜು ಇರುತ್ತದೆ, ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕೂತಿರುತ್ತವೆ. ಮಿಂಚುಳ್ಳಿಯಂತೂ ಕಂಬಿ ಮೇಲೆ ಕೂತು ತಲೆ ಬಗ್ಗಿಸಿ ನೀರನ್ನೇ ನೋಡುತ್ತಿರುತ್ತದೆ. ಹತ್ತಿರ ಹೋಗುವವರೆಗೂ ಅಲ್ಲಾಡುವುದಿಲ್ಲ, ಆಮೇಲೆ ಕಿರ್ ಅಂತ ಬೈದುಕೊಂಡು ಹಾರುತ್ತದೆ.

ಒಂಬತ್ತು ಗಂಟೆ ಮೇಲೆ ಮಾತ್ರ ಬೇಡ. ನೆರಳೇ ಇಲ್ಲ ಅನ್ನುವಷ್ಟು ಕಡಿಮೆ. ಮಲೆನಾಡಿನ ಬಾಗಿಲಲ್ಲಿ ಕೂತ ಊರು, ಹೊಳೆ ದಂಡೆ ಅಂದರೆ ಹೊಳೆಮತ್ತಿ, ಹೊಂಗೆ, ನೇರಳೆ ತಾನಾಗಿಯೇ ಬರುವ ಜಾಗ. ಅಂಥಲ್ಲಿ ಕೊಡೆ ಹಿಡಿದು ನಡೆಯಬೇಕಾದರೆ ಏನು ಹೇಳುವುದು? ನನ್ನ ದೊಡ್ಡ ತಕರಾರು ಇದೇ. ಕಲ್ಲು, ಕಂಬಿ, ದೀಪಕ್ಕೆ ಕೊಟ್ಟ ಗಮನದಲ್ಲಿ ಕಾಲುಭಾಗ ದೊಡ್ಡ ಮರಗಳಿಗೆ ಕೊಟ್ಟಿದ್ದರೆ ಏಪ್ರಿಲಿನಲ್ಲೂ ಜನ ಬರುತ್ತಿದ್ದರು.

ಎರಡನೆಯದು ವಾಸನೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರ ಚರಂಡಿ ನೀರು ಸೇರುವ ಕಡೆ ಮೂಗು ಮುಚ್ಚಿಕೊಂಡೇ ದಾಟಬೇಕು. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಂಡು ಬೆಳೆದವರು ನಾವು, ಇಲ್ಲಿ ಬಗ್ಗಿ ಒಂದು ಬೊಗಸೆ ನೀರು ಕುಡಿಯುವ ಧೈರ್ಯ ನನಗಂತೂ ಇಲ್ಲ. 2024ರ ನವೆಂಬರಿನಲ್ಲಿ ಹೊಳೆ ಉಳಿಸಿ ಅಂತ ಶೃಂಗೇರಿಯಿಂದ ಗಂಗಾವತಿ ಕಡೆಗೆ ಜನ ಪಾದಯಾತ್ರೆ ಹೊರಟಿದ್ದು ಸುಮ್ಮನೆ ಅಲ್ಲ.

ಮಳೆಗಾಲದ ಕಥೆಯೇ ಬೇರೆ. ಗಾಜನೂರು ಡ್ಯಾಂ ಚಿಕ್ಕದು, ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಹೊಯ್ದರೆ ಗೇಟು ಎತ್ತದೆ ಬೇರೆ ದಾರಿಯೇ ಇಲ್ಲ, ಎತ್ತಿದ ನೀರು ಬರುವುದು ನೇರ ಇಲ್ಲಿಗೇ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲೊಂದು ಕಲ್ಲಿನ ಮಂಟಪ ಇದೆಯಲ್ಲ, ಅದು ಮುಳುಗಿತಾ ಇಲ್ಲವಾ ಅನ್ನುವುದೇ ಆಗ ಊರಿಗೆಲ್ಲ ಸುದ್ದಿ. ಮೊದಲು ಕಂಬ ಹೋಗುತ್ತವೆ, ಆಮೇಲೆ ಚಾವಣಿ. ನೀರು ಇಳಿದ ಮೇಲೆ ದಂಡೆಯ ಪೊದೆಗಳನ್ನು ಒಂದ್ಸಲ ನೋಡಿ: ಪ್ಲಾಸ್ಟಿಕ್ ಕವರು, ಹಳೇ ಸೀರೆ ಚೂರು, ಬಾಳೆ ಪಟ್ಟೆ ಎಲ್ಲ ಒಂದೇ ಎತ್ತರಕ್ಕೆ ಸಿಕ್ಕಿಕೊಂಡಿರುತ್ತವೆ. ಹೊಳೆ ಎಲ್ಲಿವರೆಗೆ ಬಂದಿತ್ತು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಜುಲೈ, ಆಗಸ್ಟಿನಲ್ಲಿ ದೂರದಿಂದ ನೋಡಿ ಸಾಕು. ನೆಲ ಪಾಚಿ ಕಟ್ಟಿರುತ್ತದೆ, ಕಂಬಿ ಹತ್ತಿ ಸೆಲ್ಫಿ ತೆಗೆಯುವವರ ಪಕ್ಕ ನಿಲ್ಲಲೂ ಬೇಡಿ.

ಈ ದಾರಿ ಒಂದನ್ನೇ ನಡೆದರೆ ಬೇಗ ಮುಗಿದುಹೋಗುತ್ತದೆ, ಅದೂ ಹೋದ ದಾರಿಯಲ್ಲೇ ವಾಪಸ್. ನಾನು ಮಾಡುವುದು ಏನು ಅಂದರೆ, ಇದನ್ನು ಕೋಟೆ ಬೀದಿಗೆ ಜೋಡಿಸಿಕೊಳ್ಳುವುದು. ಮೊದಲು ಹೊಳೆ ದಂಡೆ, ಆಮೇಲೆ ಕೋಟೆ ಆಂಜನೇಯನ ಗುಡಿ, ಅಲ್ಲಿಂದ ಶಿವಪ್ಪ ನಾಯಕನ ಅರಮನೆ. ಅರಮನೆ ಮ್ಯೂಸಿಯಂ ಅಂಗಳದಲ್ಲಿ ಇಟ್ಟಿರುವ ವೀರಗಲ್ಲು, ವಿಗ್ರಹಗಳನ್ನು ನಿಧಾನವಾಗಿ ನೋಡಿ, ಆಮೇಲೆ ಗಾಂಧಿ ಬಜಾರಿನ ಗದ್ದಲಕ್ಕೆ ಬಿದ್ದು ಎಲ್ಲಾದರೂ ದೋಸೆ ತಿಂದರೆ ಒಂದು ಬೆಳಗು ಪೂರ್ತಿ ಆಯಿತು. ಹೊರಗಿನಿಂದ ಬಂದ ನೆಂಟರಿಗೆ ಸಕ್ರೆಬೈಲು ಆನೆ ತೋರಿಸುವ ಮುಂಚೆ ಇದನ್ನೇ ಮಾಡಿಸಿ. ಬೇಸರ ಏನಂದರೆ, ಇವೆಲ್ಲ ಇಷ್ಟು ಹತ್ತಿರ ಇವೆ ಅಂತ ಹೊಸಬರಿಗೆ ತಿಳಿಸುವ ಒಂದು ನೆಟ್ಟಗಿನ ಬೋರ್ಡು ನನ್ನ ಕಣ್ಣಿಗೆ ಬಿದ್ದಿಲ್ಲ. ಹಳದಿ ಬಣ್ಣದಲ್ಲಿ ನಾಲ್ಕು ಬಾಣದ ಗುರುತು ಬರೆದರೂ ಸಾಕಿತ್ತು, ಅಲ್ವಾ?

ಅಂಕ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಅಕ್ಟೋಬರಿನಿಂದ ಫೆಬ್ರವರಿವರೆಗಿನ ಬೆಳಿಗ್ಗೆಗೆ ನಾಲ್ಕೂ ಕೊಡಬಹುದು. ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಖಾಲಿಯಾದ ಮೇಲೆ ಮನೆಗೇ ವಾಪಸ್ ತಗೊಂಡು ಹೋಗಿ. ಭಾನುವಾರ ಸಂಜೆ ಜಾತ್ರೆಯಷ್ಟು ಜನ, ನಡೆಯುವ ಆಸೆ ಇರುವವರು ಆವತ್ತು ಬರಬೇಡಿ.